ನಯಾಗರ ನೋಡಲು ಹೋದವರು ಬ್ರಾಂಟ್‌ಫರ್ಡ್‌ಗೂ ಹೋಗಿಬನ್ನಿ



ಕೆನಡಾದ ಟೊರಾಂಟೊ ನಗರದ ಸುತ್ತಮುತ್ತ ಈಗ ನಮ್ಮವರಿಗೇನೂ ಕೊರತೆಯಿಲ್ಲ. ನಿಮ್ಮಲ್ಲಿ ಅನೇಕರ ಅಣ್ಣನೋ ಅಕ್ಕನೋ ಚಿಕ್ಕಪ್ಪನ ಮಗನೋ ಮಿಸಿಸಾಗಾದಲ್ಲಿಯೋ ಬ್ರಾಂಪ್ಟನ್ನಿನಲ್ಲಿಯೋ ಮನೆ ಮಾಡಿಕೊಂಡಿರಬಹುದು. ರಜೆಯಲ್ಲಿ ಅಲ್ಲಿಗೆ ಹೋದವರು ಮೊದಲು ನೋಡುವುದು ನಯಾಗರ ಜಲಪಾತವನ್ನು. ನೋಡಬೇಕಾದದ್ದೇ. ಅದರೆದುರು ನಿಂತು ‘ನಮ್ಮ ಜೋಗ ಇದಕ್ಕಿಂತ ಎತ್ತರ’ ಎಂದು ವಾದ ಹೂಡುವುದೂ ನಮ್ಮ ಜನ್ಮಸಿದ್ಧ ಹಕ್ಕು! ಆದರೆ ಆ ಪ್ರವಾಸದಲ್ಲಿ ಒಂದು ದಿನವನ್ನು ಬೇರೆಯಾಗಿ ತೆಗೆದಿರಿಸಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಟೊರಾಂಟೊದಿಂದ ನೈಋತ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಗ್ರ್ಯಾಂಡ್ ನದಿಯ ದಂಡೆಯಲ್ಲಿ, ಬ್ರಾಂಟ್‌ಫರ್ಡ್ ಎಂಬ ಊರಿದೆ. ಅಲ್ಲಿಗೆ ಹೋಗಿಬನ್ನಿ.

ಊರಿನವರು ಇದನ್ನು ‘ಟೆಲಿಫೋನಿನ ಊರು’ ಎಂದು ಹೆಮ್ಮೆಯಿಂದ ಕರೆಯುತ್ತಾರೆ. ಅಲೆಕ್ಸಾಂಡರ್ ಗ್ರಹಾಂ ಬೆಲ್‌ರ ಕುಟುಂಬ 1870ರಲ್ಲಿ ಬಂದು ನೆಲೆಸಿದ್ದು ಇಲ್ಲೇ. ಟೆಲಿಫೋನಿನ ಕಲ್ಪನೆ ಅವರಿಗೆ ಹೊಳೆದದ್ದು 1874ರಲ್ಲಿ ಇಲ್ಲಿನ ಮನೆಯಲ್ಲೇ. ಆ ಮನೆಯನ್ನು ಇಂದಿಗೂ ಜೋಪಾನವಾಗಿ ಕಾಪಾಡಿದ್ದಾರೆ. ಪಕ್ಕದಲ್ಲಿರುವ ಸಿಕ್ಸ್ ನೇಷನ್ಸ್ ಎಂಬ ಮೂಲನಿವಾಸಿಗಳ ನೆಲೆಗೆ ಬೆಲ್ ಹೋಗಿಬರುತ್ತಿದ್ದರು. ಅವರ ಮೊಹಾಕ್ ಭಾಷೆಯ ಉಚ್ಚಾರವನ್ನು ಕಲಿತು ಬರೆದಿಟ್ಟರು. ಮೆಚ್ಚಿದ ಆ ಜನ ಅವರಿಗೆ ಗೌರವ ಮುಖಂಡನ ಪಟ್ಟ ಕೊಟ್ಟರು.

ಇನ್ನು ಅದೇ ಊರಿನ ಮೊಹಾಕ್ ಬೀದಿಗೆ ಬನ್ನಿ. ಉದ್ದನೆಯ ದಾರಿಯ ಕೊನೆಯಲ್ಲಿ, ಮುಂಭಾಗದಲ್ಲಿ ಬಿಳಿಯ ಕಂಬಗಳಿರುವ ಇಟ್ಟಿಗೆಯ ಕಟ್ಟಡವೊಂದು ನಿಂತಿದೆ. ದೂರದಿಂದ ನೋಡಿದರೆ ಯಾರೋ ಜಮೀನ್ದಾರರ ಬಂಗಲೆ ಎನ್ನಬೇಕು. ಇದು ಮೊಹಾಕ್ ಇನ್‌ಸ್ಟಿಟ್ಯೂಟ್. 1831ರಿಂದ ಮಕ್ಕಳನ್ನು ಇರಿಸಿಕೊಳ್ಳತೊಡಗಿ 1970ರವರೆಗೆ ನಡೆದ ವಸತಿ ಶಾಲೆ. ಬೆಲ್‌ರು ಪ್ರೀತಿಯಿಂದ ಕಲಿತ ಭಾಷೆಯನ್ನು ಅದರ ಸ್ವಂತ ಮಕ್ಕಳು ಆಡಿದರೆ ಇಲ್ಲಿ ಶಿಕ್ಷೆಯಾಗುತ್ತಿತ್ತು.

ವಸತಿ ಶಾಲೆ ಎಂದರೆ ನಮ್ಮ ಮನಸ್ಸಿಗೆ ಬರುವ ಚಿತ್ರವೇ ಬೇರೆ. ಊರಿನ ಬಡ ಹುಡುಗನಿಗೆ ಮೊರಾರ್ಜಿ ದೇಸಾಯಿ ಶಾಲೆಯಲ್ಲೋ ನವೋದಯದಲ್ಲೋ ಸೀಟು ಸಿಕ್ಕಿತೆಂದರೆ ಮನೆಮಂದಿಯೆಲ್ಲ ಸಿಹಿ ಹಂಚುತ್ತಾರೆ. ಕೆನಡಾದ ವಸತಿ ಶಾಲೆಗಳಿಗೆ ಮಕ್ಕಳನ್ನು ಕಳಿಸಬೇಕೋ ಬೇಡವೋ ಎಂಬುದು ತಂದೆತಾಯಿಗಳ ಕೈಯಲ್ಲಿರಲಿಲ್ಲ. 1920ರ ಕಾನೂನು ತಿದ್ದುಪಡಿ ಅದನ್ನು ಕಡ್ಡಾಯ ಮಾಡಿತು. ಒಪ್ಪದ ಮನೆಗೆ ಪೊಲೀಸರು ಬರುತ್ತಿದ್ದರು. ದೇಶದಾದ್ಯಂತ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹೋದರು. ಹಣ ಸರಕಾರದ್ದು, ನಡೆಸುವುದು ಹೆಚ್ಚಾಗಿ ಚರ್ಚುಗಳದ್ದು. ಉದ್ದ ಕೂದಲು ಕತ್ತರಿಸಿ, ಹೆಸರು ಬದಲಿಸಿ, ಅನೇಕ ಕಡೆ ಹೆಸರಿನ ಬದಲು ನಂಬರು ಕೊಟ್ಟರು. ಅಣ್ಣ ಗಂಡುಮಕ್ಕಳ ಕಡೆ, ತಂಗಿ ಹೆಣ್ಣುಮಕ್ಕಳ ಕಡೆ. ಒಂದೇ ಕಟ್ಟಡದಲ್ಲಿದ್ದರೂ ಮಾತಿಲ್ಲ. ಹೊಡೆತ, ಹಸಿವು, ಕ್ಷಯರೋಗ, ಬಾಯಿಬಿಟ್ಟು ಹೇಳಲಾಗದ ದೌರ್ಜನ್ಯ ಎಲ್ಲವೂ ಇದ್ದವು. ಸತ್ತ ಮಕ್ಕಳಲ್ಲಿ ದಾಖಲೆಗೆ ಸಿಕ್ಕವರೇ 4,000ಕ್ಕೂ ಹೆಚ್ಚು. ಈ ವ್ಯವಸ್ಥೆಯ ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದ ಉತ್ತರಾರ್ಧದಲ್ಲಿ. ಹಾಗಾಗಿ ಇದನ್ನು ಬಹಳ ಹಳೆಯ ಕಥೆ ಎನ್ನುವಂತಿಲ್ಲ.

ಬ್ರಾಂಟ್‌ಫರ್ಡಿನ ಮಕ್ಕಳು ತಮ್ಮ ಶಾಲೆಗೆ ಇಟ್ಟ ಹೆಸರು ‘ಮಷ್ ಹೋಲ್’. ಗಂಜಿಯ ಬಿಲ ಎನ್ನಬಹುದು. ಹೊತ್ತಿಗೆ ಹೊತ್ತು ಅದೇ ಸಪ್ಪೆ ಗಂಜಿ. ಕಣ್ಣೆದುರಿಗೆ ಶಾಲೆಯದೇ ಸೇಬಿನ ತೋಟ, ಆದರೆ ಹಸಿದು ಒಂದು ಹಣ್ಣು ಕಿತ್ತರೆ ಏಟು. 1903ರಲ್ಲಿ ಮಕ್ಕಳೇ ಬೆಂಕಿ ಹಚ್ಚಿ ಹಳೆಯ ಕಟ್ಟಡವನ್ನು ಸುಟ್ಟರು. ಈಗ ನಿಂತಿರುವುದು ಅದರ ಮರುವರ್ಷ ಎದ್ದದ್ದು. ಅದರ ಹಿಂಭಾಗಕ್ಕೆ ಹೋದರೆ ಇಟ್ಟಿಗೆಗಳ ಮೇಲೆ ಗೀಚಿದ ಹೆಸರುಗಳಿವೆ. ನಮ್ಮ ಕೋಟೆಗಳ ಗೋಡೆಯ ಮೇಲೆ ಪ್ರವಾಸಿಗರು ಹೆಸರು ಕೆತ್ತಿದ್ದನ್ನು ಕಂಡು ಸಿಟ್ಟಾಗುವ ನಾವು ಈ ಗೋಡೆಯ ಮುಂದೆ ಸುಮ್ಮನಾಗುತ್ತೇವೆ. ‘ನಾನು ಇಲ್ಲಿದ್ದೆ’ ಎಂದು ಹೇಳಿಕೊಳ್ಳಲು ಆ ಮಕ್ಕಳಿಗೆ ಬೇರೆ ಜಾಗವಿರಲಿಲ್ಲ.

ಆ ಮಕ್ಕಳು ದೊಡ್ಡವರಾಗಿ ನ್ಯಾಯ ಕೇಳಿದಾಗ ಏನಾಯಿತು? ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಮೊದಮೊದಲು ಅವರು ಸಾಮಾನ್ಯ ನ್ಯಾಯಾಲಯಗಳಿಗೆ ಹೋದರು. ಐವತ್ತು ದಾಟಿದ ಮನುಷ್ಯ ತನ್ನ ಎಂಟನೆಯ ವಯಸ್ಸಿನಲ್ಲಾದದ್ದನ್ನು, ಹೆಂಡತಿಗೂ ಹೇಳದೆ ಇಟ್ಟುಕೊಂಡದ್ದನ್ನು, ತುಂಬಿದ ಕೋರ್ಟಿನಲ್ಲಿ ಹೇಳಬೇಕು. ಎದುರು ಪಕ್ಷದ ವಕೀಲರು ‘ಅದು ಯಾವ ತಿಂಗಳು? ಯಾವ ಕೋಣೆ? ಆಗಲೇ ಏಕೆ ಹೇಳಲಿಲ್ಲ?’ ಎಂಬ ಧಾಟಿಯಲ್ಲಿ ಪಾಟೀಸವಾಲು ಹಾಕುತ್ತಾರೆ. ಮಾಗಿದಂತೆ ಕಾಣುತ್ತಿದ್ದ ಗಾಯ ಮತ್ತೆ ಬಾಯಿ ತೆರೆಯುತ್ತದೆ. ಸಂಜೆ ಆತ ಒಬ್ಬನೇ ಹೋಟೆಲಿನ ಕೋಣೆಗೆ ಹಿಂತಿರುಗಬೇಕು. ಪರಿಹಾರ ಸಿಕ್ಕರೂ ಮನುಷ್ಯ ಉಳಿಯುತ್ತಾನೆಯೇ ಎಂಬ ಭಯ ಹುಟ್ಟಿದ್ದು ಹೀಗೆ.

ಸಾವಿರಾರು ದಾವೆಗಳ ಒತ್ತಡದಿಂದ 2006ರಲ್ಲಿ ದೊಡ್ಡ ಒಪ್ಪಂದವಾಯಿತು. 2007ರಲ್ಲಿ ಜಾರಿಗೆ ಬಂತು. ಶಾಲೆಯಲ್ಲಿ ಇದ್ದವರಿಗೆಲ್ಲ ಮೊದಲ ವರ್ಷಕ್ಕೆ 10,000 ಡಾಲರ್, ಮುಂದಿನ ಪ್ರತಿ ವರ್ಷಕ್ಕೆ 3,000 ಡಾಲರ್. ಲೈಂಗಿಕ ದೌರ್ಜನ್ಯ, ತೀವ್ರ ಹಿಂಸೆಗೆ ಒಳಗಾದವರಿಗೆ ಪ್ರತ್ಯೇಕ ವಿಚಾರಣೆ. ಇದಕ್ಕೆ 38,000ಕ್ಕೂ ಹೆಚ್ಚು ಅರ್ಜಿಗಳು ಬಂದವು. 2021ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ 300 ಕೋಟಿ ಡಾಲರಿಗೂ ಮೀರಿದ ಹಣ ಸಂದಾಯವಾಗಿತ್ತು.

ಹಣದ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಆ ವಿಚಾರಣೆಯ ಕೋಣೆ ಹೇಗಿತ್ತೆಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ. ಅಲ್ಲಿ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಪ್ರಶ್ನೆ ಕೇಳುವವರು ತೀರ್ಪು ಕೊಡುವವರೊಬ್ಬರೇ, ವಕೀಲರ ಪಾಟೀಸವಾಲಿಲ್ಲ. ಪ್ರಮಾಣಕ್ಕೆ ಬೈಬಲ್ ಬೇಡವೆಂದರೆ ಹದ್ದಿನ ಗರಿ ಹಿಡಿಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹೇಳುವವರ ಪಕ್ಕದಲ್ಲಿ ಇನ್ನೊಂದು ಕುರ್ಚಿ ಇರುತ್ತಿತ್ತು. ಅದರಲ್ಲಿ ಕೂರುವವರು ಆಸರೆಯ ಕಾರ್ಯಕರ್ತರು. ಬಹುಮಟ್ಟಿಗೆ ಅವರೂ ಮೂಲನಿವಾಸಿಗಳೇ. ಕೆಲವರು ಸ್ವತಃ ಅಂಥ ಶಾಲೆಯಲ್ಲಿ ಬೆಳೆದವರು. ವಿಚಾರಣೆಗೆ ಮೊದಲು ಫೋನು ಮಾಡಿ ಮಾತಾಡುವುದು, ನಡುವೆ ಉಸಿರು ಕಟ್ಟಿದರೆ ಹೊರಗೆ ಕರೆದೊಯ್ಯುವುದು, ಮುಗಿದ ಮೇಲೆ ‘ಊಟ ಮಾಡಿದಿರಾ? ರಾತ್ರಿ ನಿದ್ದೆ ಬಂತೇ?’ ಎಂದು ವಿಚಾರಿಸುವುದು ಅವರ ಕೆಲಸ. ಇದರ ಜೊತೆಗೆ ತರಬೇತಿ ಪಡೆದ ಆಪ್ತಸಲಹೆಗಾರರು, ಪ್ರಾರ್ಥನೆ ಮತ್ತು ಆಚರಣೆಗಳನ್ನು ಬಲ್ಲ ಸಮುದಾಯದ ಹಿರಿಯರು, ಚಿಕಿತ್ಸೆಗೆ ದೂರ ಹೋಗಬೇಕಾದವರಿಗೆ ಪ್ರಯಾಣದ ಖರ್ಚು, ಹಗಲೂ ರಾತ್ರಿ ಉತ್ತರಿಸುವ ದೂರವಾಣಿ ಇವೆಲ್ಲ ಆ ಒಪ್ಪಂದದ ಜೊತೆಗೇ ಬಂದವು. ಪರಿಹಾರದ ಕೆಲಸ 2021ರಲ್ಲಿ ಮುಗಿದ ಮೇಲೂ ಆ ದೂರವಾಣಿ ನಿಲ್ಲಲಿಲ್ಲ. ಟೆಲಿಫೋನು ಹುಟ್ಟಿದ ಊರಿನಲ್ಲಿ ನಿಂತಾಗ ಈ ಮಾತು ನೆನಪಿಗೆ ಬಾರದೆ ಇರದು.

2008ರಿಂದ 2015ರವರೆಗೆ ದೇಶ ಸುತ್ತಿದ ಸತ್ಯ ಮತ್ತು ಸಾಮರಸ್ಯ ಆಯೋಗವೂ ಇದೇ ಹಾದಿ ಹಿಡಿಯಿತು. ಅದರ ಅಧ್ಯಕ್ಷರು ಮರ್ರಿ ಸಿಂಕ್ಲೇರ್, ಸ್ವತಃ ಮೂಲನಿವಾಸಿ ನ್ಯಾಯಾಧೀಶರು. 2024ರಲ್ಲಿ ತೀರಿಕೊಂಡರು. ಆಯೋಗದ ಮುಂದೆ 6,500ಕ್ಕೂ ಹೆಚ್ಚು ಜನ ಮಾತಾಡಿದರು. ಸಭೆಯಲ್ಲಿ ಕಣ್ಣೊರೆಸಿಕೊಂಡ ಕಾಗದದ ಕರವಸ್ತ್ರಗಳನ್ನು ಯಾರೂ ಕಸದ ಬುಟ್ಟಿಗೆ ಎಸೆಯುತ್ತಿರಲಿಲ್ಲ. ಸ್ವಯಂಸೇವಕರು ಅವನ್ನು ಚೀಲಗಳಲ್ಲಿ ಕೂಡಿಸಿ, ಹೊರಗೆ ಉರಿಯುತ್ತಿದ್ದ ಪವಿತ್ರಾಗ್ನಿಗೆ ಅರ್ಪಿಸುತ್ತಿದ್ದರು. ಹೋಮ ಹವನಗಳನ್ನು ನೋಡಿ ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಎಲ್ಲವೂ ಸರಿಯಾಯಿತೆಂದು ತಿಳಿಯಬೇಡಿ. ನೋವಿಗೆ ಅಂಕ ಹಾಕಿ ಹಣ ನಿಗದಿ ಮಾಡುವ ಪದ್ಧತಿ ಹಲವರಿಗೆ ಹೊಸ ಅವಮಾನವಾಯಿತು. 1998ರಲ್ಲಿ 35 ಕೋಟಿ ಡಾಲರ್ ನಿಧಿಯಿಂದ ಆರಂಭವಾದ ಅಬೊರಿಜಿನಲ್ ಹೀಲಿಂಗ್ ಫೌಂಡೇಶನ್ ಎಂಬ ಸಂಸ್ಥೆ, ಊರೂರಿನ ಜನರೇ ತಮ್ಮವರ ಮನಸ್ಸನ್ನು ಸಂತೈಸುವ ಕೆಲಸಗಳಿಗೆ ನೆರವಾಗುತ್ತಿತ್ತು. ವಿಚಾರಣೆಗಳು ಭರದಿಂದ ನಡೆಯುತ್ತಿದ್ದ 2010ರಲ್ಲೇ ಸರಕಾರ ಅದಕ್ಕೆ ಹೊಸ ಹಣ ಕೊಡಲಿಲ್ಲ. 2014ರಲ್ಲಿ ಅದು ಬಾಗಿಲು ಮುಚ್ಚಿತು. ಮುಂದೆ, ಮಕ್ಕಳು ದಿನವೂ ಮನೆಗೆ ಮರಳುತ್ತಿದ್ದ ಹಗಲು ಶಾಲೆಗಳ ವಿಷಯದಲ್ಲಿ 2019ರಲ್ಲಿ ಇನ್ನೊಂದು ಒಪ್ಪಂದವಾಯಿತು. ಅದರಲ್ಲಿ ವಿಚಾರಣೆಯಿಲ್ಲ, ಅರ್ಜಿ ತುಂಬಿದರೆ ಸಾಕು. ಸುಲಭವೆನಿಸುತ್ತದೆ. ಆದರೆ ಅಜ್ಜಿಯೊಬ್ಬಳು ಅಡಿಗೆಮನೆಯ ಮೇಜಿನ ಮುಂದೆ ಒಬ್ಬಳೇ ಕುಳಿತು ತನ್ನ ನೋವು ಯಾವ ದರ್ಜೆಯದೆಂದು ಗುರುತು ಹಾಕುವುದನ್ನು ಯೋಚಿಸಿ ನೋಡಿ. ಆಗ ಪಕ್ಕದ ಕುರ್ಚಿಯ ಬೆಲೆ ತಿಳಿಯುತ್ತದೆ. ಸತ್ಯ ಹೇಳು ಎಂದು ಒಬ್ಬರನ್ನು ಕೇಳುವವರು, ಹೇಳಿದ ಮೇಲೆ ಅವರನ್ನು ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕು. ಅದು ದಯೆಯಲ್ಲ, ನ್ಯಾಯದ್ದೇ ಒಂದು ಭಾಗ.

ಈ ಮಾತನ್ನು ನಿಮಗೇ ಹೇಳಲು ಒಂದು ಕಾರಣವಿದೆ. ನೀವು ಎರಡನೆಯ ತಲೆಮಾರಿನವರು. ಅಜ್ಜಿ ಕನ್ನಡದಲ್ಲಿ ಮಾತಾಡಿದರೆ ಅರ್ಥವಾದರೂ ಉತ್ತರ ಹಿಂದಿಯಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರುವವರು ನಿಮ್ಮಲ್ಲಿದ್ದಾರೆ. ನಮ್ಮ ಮನೆಗಳಲ್ಲಿ ಭಾಷೆ ಸವೆದದ್ದು ನೌಕರಿ, ಶಾಲೆ, ನೆರೆಹೊರೆಗಳಿಂದ. ಬೆತ್ತ ಹಿಡಿದು ಯಾರೂ ಕಿತ್ತುಕೊಳ್ಳಲಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಅಲ್ಲಿನ ಎರಡನೆಯ ತಲೆಮಾರಿನ ಕಥೆಯೇ ಬೇರೆ. ತನಗೆ ಬಿದ್ದ ಏಟು ಮಗುವಿಗೆ ಬೀಳದಿರಲೆಂದು ಭಾಷೆಯನ್ನೇ ಕಲಿಸದ ತಾಯಂದಿರು, ತಮ್ಮನ್ನು ಯಾರೂ ಅಪ್ಪಿಕೊಳ್ಳದ ಕಾರಣ ಮಕ್ಕಳನ್ನು ಅಪ್ಪಿಕೊಳ್ಳಲು ಬಾರದ ತಂದೆಯರು, ಏಕೆಂದು ತಿಳಿಯದೆ ಅಂಥ ಮನೆಯ ಮೌನದಲ್ಲಿ ಬೆಳೆದ ಮಕ್ಕಳು. ಆದ್ದರಿಂದಲೇ ಅಲ್ಲಿನ ಆಪ್ತಸಲಹೆಯ ನೆರವು ಶಾಲೆಗೆ ಹೋದವರಿಗಷ್ಟೇ ಅಲ್ಲ, ಅವರ ಕುಟುಂಬದವರಿಗೂ ಸಲ್ಲುತ್ತದೆ. ನಿಮ್ಮ ವಯಸ್ಸಿನ ಎಷ್ಟೋ ಜನ ಇಂದು ಅಜ್ಜ ಅಜ್ಜಿಯರ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಾರೆ, ತಪ್ಪಿಹೋದ ಭಾಷೆಯನ್ನೂ ಕಲಿಯುತ್ತಿದ್ದಾರೆ.

ಈಗ ಹೋಗುವವರಿಗೆ ಕೆಲವು ಸೂಚನೆಗಳು. ಶಾಲೆಯ ಆವರಣದಲ್ಲಿ ವುಡ್‌ಲ್ಯಾಂಡ್ ಕಲ್ಚರಲ್ ಸೆಂಟರ್ 1972ರಿಂದ ನಡೆಯುತ್ತಿದೆ. 2013ರಲ್ಲಿ ಹಳೆಯ ಕಟ್ಟಡದ ಸೂರು ಸೋರತೊಡಗಿದಾಗ ಕೆಡವಬೇಕೇ ಉಳಿಸಬೇಕೇ ಎಂದು ಜನರನ್ನು ಕೇಳಿದರು. ಬಹುತೇಕ ಎಲ್ಲರೂ ಉಳಿಸಿ ಎಂದರು. ನಾಳೆ ಯಾರೂ ‘ಹೀಗೆ ನಡೆದೇ ಇಲ್ಲ’ ಎನ್ನಬಾರದಲ್ಲ! ವರ್ಷಗಳ ದುರಸ್ತಿಯ ನಂತರ 2025ರ ಸೆಪ್ಟೆಂಬರ್ 30ರಂದು ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆ ದಿನಾಂಕದಂದು ಕೆನಡಾದಲ್ಲಿ ಜನ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಆ ಮಕ್ಕಳನ್ನು ನೆನೆಯುತ್ತಾರೆ. ಹೊರಡುವ ಮುನ್ನ ಭೇಟಿಯ ವೇಳೆ ವಿಚಾರಿಸಿಕೊಳ್ಳಿ. ‘ರೆಡ್ ಇಂಡಿಯನ್’ ಎಂಬ ನಮ್ಮ ಹಳೆಯ ಪಠ್ಯಪುಸ್ತಕದ ಪದವನ್ನು ಮನೆಯಲ್ಲೇ ಬಿಟ್ಟುಹೋಗಿ. ಅಲ್ಲಿ ಓದಿದ ಹಿರಿಯರು ಎದುರಾದರೆ ‘ನಿಮಗೇನಾಯಿತು?’ ಎಂದು ಕೆದಕಬೇಡಿ; ಅವರಾಗಿ ಹೇಳಿದರೆ ಕೈಗಡಿಯಾರ ನೋಡದೆ ಕೇಳಿಸಿಕೊಳ್ಳಿ.

ಹಿಂತಿರುಗಿ ಬಂದ ಮೇಲೆ ನಿಮ್ಮ ಮನೆಯ ಹಿರಿಯರ ಬಳಿಯೂ ಒಂದು ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ಊರು ಬಿಟ್ಟು ಬಂದ ಕಾಲದ ಯಾವುದೋ ಮಾತು ಅವರಲ್ಲೂ ಹೇಳದೆ ಉಳಿದಿರಬಹುದು. ಕನ್ನಡದಲ್ಲೇ ಕೇಳಿ. ತಪ್ಪು ತಪ್ಪು ಕನ್ನಡವಾದರೂ ಚಿಂತೆಯಿಲ್ಲ.