ಡಂಡಿಯಿಂದ ಬೆಂಗಳೂರಿನವರೆಗೆ ಒಂದು ಆಟದ ಕಥೆ

ಸ್ಕಾಟ್ಲೆಂಡಿನ ಡಂಡಿಯಲ್ಲಿ ಡೇವಿಡ್ ಜೋನ್ಸ್ 1987ರಲ್ಲಿ ಆರಂಭಿಸಿದ ಡಿಎಂಎ ಡಿಸೈನ್ ಎಂಬ ವಿಡಿಯೊ ಗೇಮ್ ಸ್ಟುಡಿಯೊ, ಅಂದರೆ ಆಟದ ಕಲ್ಪನೆ, ಚಿತ್ರ, ಪ್ರೋಗ್ರಾಮುಗಳನ್ನು ಒಂದೇ ಸೂರಿನಡಿ ಸಿದ್ಧಪಡಿಸುವ ಸಂಸ್ಥೆ, 1991ರ ‘ಲೆಮ್ಮಿಂಗ್ಸ್’ನಿಂದ ಹೆಸರು ಮಾಡಿತು. ಪರದೆಯ ಮೇಲಿನ ಚಿತ್ರದ ಅತಿ ಸಣ್ಣ ಚುಕ್ಕಿಗೆ ಪಿಕ್ಸೆಲ್ ಎನ್ನುತ್ತಾರೆ. ಉದ್ದಗಲಕ್ಕೆ ಕೇವಲ 8 ಪಿಕ್ಸೆಲ್‌ಗಳ ಚೌಕದೊಳಗೆ ನಡೆದಾಡುವ ಪುಟ್ಟ ಆಕೃತಿಯೊಂದನ್ನು ಪ್ರೋಗ್ರಾಮರ್ ಮೈಕ್ ಡೈಲಿ ಮೂಡಿಸಿದ್ದೇ ಆ ಆಟಕ್ಕೆ ಬೀಜವಾಯಿತು. 1997ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಹೊರತಂದ ಇದೇ ಸಂಸ್ಥೆ ಮುಂದೆ ಕೈ ಬದಲಾಗಿ, ಎಡಿನ್‌ಬರೋದಲ್ಲಿ ನೆಲೆಯೂರಿ, ರಾಕ್‌ಸ್ಟಾರ್ ನಾರ್ತ್ ಎನಿಸಿಕೊಂಡಿತು.

ಅದೇ 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರ್ಯಾಕ್ಟಿವ್ ಭಾರತದ ಮೊದಲ ಗೇಮ್ ಸ್ಟುಡಿಯೊಗಳಲ್ಲೊಂದಾಗಿದ್ದು, ‘ಫೋರ್ಜಾ’ದಂಥ ವಿದೇಶಿ ಆಟಗಳಿಗೆ ಮೂರು ಆಯಾಮದ ಮಾದರಿಗಳನ್ನು ರೂಪಿಸಿಕೊಡುವ ಹೊರಗುತ್ತಿಗೆ ಕೆಲಸದಿಂದ ಬೆಳೆಯಿತು. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯ ಬಳಿಯಿದ್ದ ಧ್ರುವದ ಬಹುಪಾಲು ಷೇರನ್ನು 2019ರಲ್ಲಿ ರಾಕ್‌ಸ್ಟಾರ್ ನಾರ್ತ್‌ನ ಮಾತೃಸಂಸ್ಥೆ ರಾಕ್‌ಸ್ಟಾರ್ ಸುಮಾರು 79 ಲಕ್ಷ ಡಾಲರಿಗೆ ಕೊಂಡು, ಬೆಂಗಳೂರಿನ ತನ್ನ ಸ್ಟುಡಿಯೊದೊಡನೆ ಸೇರಿಸಿಕೊಂಡಿತು.

ಡಂಡಿಯ ತರುಣರು ಸ್ವಂತ ಆಟ ಕಟ್ಟಿ ಬೆಳೆದರೆ, ಬೆಂಗಳೂರಿನ ಕುಶಲಕರ್ಮಿಗಳು ಹೆಚ್ಚಾಗಿ ಅನ್ಯರ ಆಟಗಳಿಗೆ ಕೈಚಳಕ ಒದಗಿಸಿದರೆಂಬುದು ಇಲ್ಲಿನ ಮುಖ್ಯ ವ್ಯತ್ಯಾಸ. ಮದ್ದೂರು ತಾಲ್ಲೂಕಿನ ಕೊಪ್ಪದಂಥ ಊರಿನ ಶಾಲೆಗಳಲ್ಲಿ ಚೆನ್ನಾಗಿ ಚಿತ್ರ ಬರೆಯುವ ಮಕ್ಕಳಿಗೆ ಇದೂ ಒಂದು ವೃತ್ತಿಯೆಂದು ಮೇಷ್ಟ್ರುಗಳೂ ಪೋಷಕರೂ ತಿಳಿಹೇಳುವುದು ಒಳ್ಳೆಯದು.