ಮದ್ದಿನ ಪುಸ್ತಕ

ವಿದ್ಯೆಗಾಗಿ ದೇಶಾಂತರ ಹೋಗುವುದು ನಮಗೆ ಹೊಸದಲ್ಲ. ಆದರೆ ಮದ್ದು ಕೊಡುವ ವಿದ್ಯೆಗೂ ಕಡಲು ದಾಟಬೇಕೆ ಎಂದು ಕೇಳುವವರುಂಟು. 1949ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಔಷಧಶಾಸ್ತ್ರ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಒಕ್ಕೂಟವು ಒಂದು ದೇಶದ ವಿದ್ಯಾರ್ಥಿಗಳನ್ನು ಮತ್ತೊಂದು ದೇಶದ ಔಷಧಾಲಯ, ಆಸ್ಪತ್ರೆಗಳಿಗೆ ಕೆಲಕಾಲ ಕಳುಹಿಸುವ ಏರ್ಪಾಡನ್ನು ನಡೆಸುತ್ತಿದೆ. ನನ್ನ ತಂಗಿಯ ಮಗಳು ಹೀಗೆ ಜಪಾನಿಗೆ ಹೋಗಿಬಂದಳು.

ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲಿಗೆ ಅಲ್ಲಿ ಅಸಿಟಮಿನೊಫೆನ್ ಎಂದು ಹೆಸರು. ನಾಮ ಬೇರೆ, ವಸ್ತು ಒಂದೇ ಎಂಬುದು ನಮಗೆ ವೇದಾಂತದ ಮಾತು. ಔಷಧಾಲಯದಲ್ಲಿ ಅದು ಪ್ರಾಣದ ಮಾತು. ಬೇರೆ ಬೇರೆಯೆಂದೆಣಿಸಿ ಎರಡನ್ನೂ ಸೇವಿಸಿ, ಪ್ರಮಾಣ ಮೀರಿತೆಂದರೆ ಯಕೃತ್ತು ಕೆಡುವುದು.

ಅಲ್ಲಿಯ ರೋಗಿಗಳು ಮದ್ದಿನ ಪುಸ್ತಕವೊಂದನ್ನು ಇಟ್ಟುಕೊಂಡಿರುತ್ತಾರೆ. ಯಾವ ಔಷಧಾಲಯಕ್ಕೆ ಹೋದರೂ ಕೊಟ್ಟ ಮದ್ದು ಅದರಲ್ಲಿ ದಾಖಲಾಗುವುದು. 2011ರ ಭೂಕಂಪದಲ್ಲಿ ಕಡಲುಕ್ಕಿ ಆಸ್ಪತ್ರೆಗಳ ಕಾಗದಪತ್ರಗಳು ಕೊಚ್ಚಿಹೋದಾಗ ಅನೇಕರ ಚಿಕಿತ್ಸೆಗೆ ಆ ಪುಸ್ತಕವೇ ಆಧಾರವಾಯಿತು.

ಊರಿಗೆ ಬಂದವಳು ಅಜ್ಜಿಯ ಮದ್ದಿನ ಡಬ್ಬಿಯನ್ನು ಬರಿದುಮಾಡಿ, ಒಂದೊಂದನ್ನೂ ಹಾಳೆಯ ಮೇಲೆ ಬರೆದಳು. ಇಬ್ಬರು ವೈದ್ಯರು ಬರೆದುಕೊಟ್ಟ, ಹೆಸರು ಬೇರೆಯಾದ ಎರಡು ಗುಳಿಗೆಗಳು ರಕ್ತದೊತ್ತಡದ ಒಂದೇ ಮದ್ದಾಗಿದ್ದವು! ನಮ್ಮ ತಾಯಿ ಎರಡನ್ನೂ ತಪ್ಪದೆ ನುಂಗಿ, ಎದ್ದುನಿಂತರೆ ತಲೆ ಸುತ್ತುವುದೆಂದು ಮುಪ್ಪನ್ನು ದೂರುತ್ತಿದ್ದರು. ವೈದ್ಯರನ್ನು ಕೇಳಿ ಒಂದನ್ನು ನಿಲ್ಲಿಸಿದೆವು.

ಪರದೇಶವು ಆ ಹುಡುಗಿಗೆ ಹೊಸ ಮದ್ದನ್ನೇನೂ ಕೊಡಲಿಲ್ಲ. ಮನೆಯ ಡಬ್ಬಿಯನ್ನು ತೆರೆದು ನೋಡುವ ಕಣ್ಣನ್ನು ಕೊಟ್ಟಿತು.