2009ಕ್ಕೆ ಓಡಿಹೋಗುತ್ತಿದ್ದ ಕಂಪ್ಯೂಟರ್

ಶಹಾಪುರದ ನಮ್ಮ ಮನೆಯ ಮಾಳಿಗೆ ಹತ್ತಿದರೆ ಮಲಗಿದ ಬುದ್ಧನ ಬೆಟ್ಟ ಕಾಣುತ್ತದೆ. ಕಳೆದ ದಸರಾ ರಜೆಯ ಹೊತ್ತಿಗೆ ಮನೆಯೊಳಗೂ ಒಂದು ಮಲಗಿಬಿಟ್ಟಿತ್ತು. ಅದು 2010ರಲ್ಲಿ ಕೊಂಡ ನಮ್ಮ ಕಂಪ್ಯೂಟರ್. ಬಟನ್ ಒತ್ತಿದರೆ ಫ್ಯಾನು ತಿರುಗುತ್ತದೆ, ವಿಂಡೋಸ್ ಗುರುತು ಬರುತ್ತದೆ, ಆಮೇಲೆ ನೀಲಿ ಪರದೆ, ಮತ್ತೆ ಮೊದಲಿನಿಂದ ಅದೇ ಆಟ.

ಹಳೆಯದು, ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ಅದರೊಳಗೆ ನಮ್ಮ ಅವ್ವ ಇದ್ದಳು. ಸುರಪುರದ ತವರಿನಲ್ಲಿ ಕಲಿತ ಬೀಸುವ ಪದಗಳನ್ನು ಆಕೆ 1998ರಲ್ಲಿ ನನ್ನ ಟೇಪ್ ರೆಕಾರ್ಡರ್ ಮುಂದೆ ಕೂತು ಹಾಡಿದ್ದಳು. ಒಟ್ಟು 14 ಪದ. ಮುಂದೆ ಮಗ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಟ್ಟ. ಇನ್ನು ಚಿಂತೆಯಿಲ್ಲ ಎಂದು ನಾನು ಕ್ಯಾಸೆಟ್ಟನ್ನು ಅಟ್ಟಕ್ಕೆ ಎಸೆದೆ. ಅಲ್ಲಿ ಅದಕ್ಕೆ ಬೂಸ್ಟು ಹಿಡಿಯಿತು. ಇನ್ನೊಂದು ಪ್ರತಿ ಮಾಡಿಡಬೇಕೆಂದು ಹೊಳೆಯಲೇ ಇಲ್ಲ. ಈಗ ರಿಪೇರಿಗೆ ಒಯ್ದರೆ ಅಂಗಡಿಯವನು, "ಫಾರ್ಮ್ಯಾಟ್ ಮಾಡಬೇಕ್ರಿ, ಒಳಗಿದ್ದದ್ದೆಲ್ಲ ಹೋಗ್ತದ" ಎಂದ. ನಾನು ಡಬ್ಬಿ ಎತ್ತಿಕೊಂಡು ವಾಪಸ್ ಬಂದೆ.

ಒಂಬತ್ತನೇ ತರಗತಿಯ ಮೊಮ್ಮಗಳು ಯಾದಗಿರಿಯಿಂದ ರಜೆಗೆ ಬಂದವಳು ಇದನ್ನು ಕೇಳಿ ನಕ್ಕಳು. "ಮುತ್ಯಾ, ಮುಂದಿನ ಬಾಗಿಲದ ಕೀಲಿ ಕೆಟ್ಟದ, ಅಷ್ಟ. ಹಿತ್ತಲ ಬಾಗಿಲದಿಂದ ಒಳಗ ಹೋಗೋಣ." ಹಿತ್ತಲ ಬಾಗಿಲು ಎಂದರೆ ಪೆನ್ ಡ್ರೈವ್. ಅದರಲ್ಲಿ ಲಿನಕ್ಸ್ ತುಂಬಿ ಅದರಿಂದಲೇ ಕಂಪ್ಯೂಟರ್ ಚಾಲೂ ಮಾಡಿದರೆ, ಡಿಸ್ಕಿನಲ್ಲಿ ಕೆಟ್ಟು ಕೂತ ವಿಂಡೋಸನ್ನು ಎಬ್ಬಿಸದೆಯೇ ಒಳಗಿನ ಫೈಲುಗಳನ್ನು ನೋಡಬಹುದಂತೆ.

ಅಪ್ಪನ ಲ್ಯಾಪ್‌ಟಾಪ್ ತಂದಿದ್ದಳು. ಅದರಲ್ಲಿ ಲಿನಕ್ಸ್ ಮಿಂಟ್ ಇಳಿಸಿಕೊಂಡು, ಆ ಫೈಲನ್ನು ಪೆನ್ ಡ್ರೈವಿಗೆ ಎಳೆದು ಹಾಕಿ ಚುಚ್ಚಿದಳು. ಏನೂ ಆಗಲಿಲ್ಲ. ಅಡುಗೆಮನೆಯಿಂದ ನಮ್ಮಾಕೆ ಏನೆಂದು ವಿಚಾರಿಸಿದಾಗ ಹುಡುಗಿಗೇ ಹೊಳೆಯಿತು: "ಆಯಿ, ಜೋಳದ ಚೀಲ ತಂದು ಒಲಿ ಮುಂದ ಇಟ್ಟಂಗ ಆಯ್ತು. ಬೀಸಿಲ್ಲ, ನಾದಿಲ್ಲ, ರೊಟ್ಟಿ ಎಲ್ಲಿಂದ ಬರ್ತದ?" ಬರೀ ನಕಲು ಮಾಡಿದರೆ ಸಾಲದು, ಆ ಫೈಲನ್ನು ಬಿಚ್ಚಿ, ಕಂಪ್ಯೂಟರ್ ಹುಡುಕುವ ಜಾಗದಲ್ಲೇ ಬರೆಯಬೇಕು. ಅದಕ್ಕೆ ರೂಫಸ್ ಎಂಬ ಚಿಕ್ಕ ತಂತ್ರಾಂಶವಿದೆ. ಬರೆಯುವಾಗ ಪೆನ್ ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸುತ್ತದೆ. ಅವಳ ವಿಜ್ಞಾನದ ಪ್ರಾಜೆಕ್ಟ್ ಅದರಲ್ಲೇ ಇತ್ತು, ಪುಣ್ಯಕ್ಕೆ ಮೊದಲೇ ತೆಗೆದಿಟ್ಟಳು. ಮುತ್ಯಾನಿಗಿಂತ ಜಾಣೆ.

ಜೊತೆಗೆ ಇನ್ನೊಂದು ಕೆಲಸ. ಕಂಪ್ಯೂಟರ್ ಆನ್ ಆದ ಕೂಡಲೇ ಡಿಲೀಟ್ ಗುಂಡಿಯನ್ನು ಟಕಟಕ ಒತ್ತುತ್ತಿದ್ದರೆ ಬಯಾಸ್ ಎಂಬ ಪುಟ ತೆರೆಯುತ್ತದೆ. ಮೊದಲು ಡಿಸ್ಕ್ ನೋಡಬೇಕೋ ಪೆನ್ ಡ್ರೈವ್ ನೋಡಬೇಕೋ ಎಂಬ ಸರದಿ ಅಲ್ಲಿರುತ್ತದೆ. ಪೆನ್ ಡ್ರೈವನ್ನು ಮೊದಲಿಗೆ ತಂದು ಉಳಿಸಿದೆವು. ಆದರೂ ನಮ್ಮ ಯಂತ್ರ ಅದನ್ನು ದಾಟಿ ನೇರ ನೀಲಿ ಪರದೆಗೇ ಹೋಯಿತು. ಅದೇ ಪೆನ್ ಡ್ರೈವನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಸರಾಗವಾಗಿ ಓಡಿತು! ಆ ರಾತ್ರಿ ಹುಡುಗಿ ಸಿಟ್ಟಿನಿಂದ ಊಟ ಬಿಟ್ಟಳು. ನಾನು ದಿನದ ರೂಢಿಯಂತೆ ಗೋಡೆಯ ಬಟನ್ನುಗಳನ್ನೆಲ್ಲ ಆರಿಸಿ ಮಲಗಿದೆ.

ಬೆಳಗಾಗುವಷ್ಟರಲ್ಲಿ ಅವಳು ಕಾರಣ ಹುಡುಕಿದ್ದಳು. ಹೊಸ ಕಂಪ್ಯೂಟರುಗಳು ಯುಇಎಫ್‌ಐ ಎಂಬ ಹೊಸ ಪದ್ಧತಿಯಲ್ಲಿ ಏಳುತ್ತವೆ. ನಮ್ಮದಕ್ಕೆ ಗೊತ್ತಿರುವುದು ಹಳೆಯ ಬಯಾಸ್ ಪದ್ಧತಿ ಒಂದೇ. ರೂಫಸ್‌ನಲ್ಲಿ ಅವಳು ಜಿಪಿಟಿ ಎಂದು ಆರಿಸಿದ್ದಳು, ಅದು ಹೊಸದಕ್ಕೆ. ಎಂಬಿಆರ್ ಎಂದು ಆರಿಸಬೇಕಿತ್ತು. ತಿದ್ದಿ ಮತ್ತೆ ಬರೆದಳು. ಚುಚ್ಚಿದೆವು. ಮತ್ತೆ ನೀಲಿ ಪರದೆ.

ಸೋತೆವು ಎಂದುಕೊಂಡೆ. "ಬಿಡವ್ವ, ನಮ್ಮ ಹಣೆಬರಹ" ಎಂದೆ. ಅವಳು ಬಿಡಲಿಲ್ಲ, ಮತ್ತೆ ಬಯಾಸ್ ತೆರೆದಳು. ನಿನ್ನೆ ಮಾಡಿದ ಸರದಿ ಅಲ್ಲಿರಲೇ ಇಲ್ಲ, ಡಿಸ್ಕೇ ಮತ್ತೆ ಮೊದಲಿಗೆ ಬಂದು ಕೂತಿತ್ತು. ತಾರೀಖಿನ ಮೇಲೆ ನನ್ನ ಕಣ್ಣು ಬಿತ್ತು: 2009, ಜನವರಿ 1. ಯಾದಗಿರಿ ಜಿಲ್ಲೆ ಹುಟ್ಟಿದ್ದೇ 2009ರ ಡಿಸೆಂಬರ್ 30ಕ್ಕೆ. ಅಂದರೆ ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ನಾವಿನ್ನೂ ಗುಲಬರ್ಗಾ ಜಿಲ್ಲೆಯವರು!

ಗುಟ್ಟು ಒಂದು ಸಣ್ಣ ಸೆಲ್ಲಿನಲ್ಲಿತ್ತು. ಕರೆಂಟ್ ಇಲ್ಲದಾಗಲೂ ಗಡಿಯಾರ ಓಡಲಿ, ಬಯಾಸ್‌ನ ಸರದಿ ನೆನಪಿರಲಿ ಎಂದು ಮದರ್‌ಬೋರ್ಡಿನಲ್ಲಿ ನಾಣ್ಯದಂಥ 3 ವೋಲ್ಟಿನ ಸೆಲ್ ಇರುತ್ತದೆ. ಹೆಸರು ಸಿಆರ್ 2032. ಮಕ್ಕಳೇ, ಆ ಅಂಕಿಯಲ್ಲೇ ಅದರ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ನಮ್ಮದು ಸತ್ತು ಎಷ್ಟು ಕಾಲವಾಗಿತ್ತೋ. ನಾನು ರಾತ್ರಿ ಗೋಡೆಯ ಬಟನ್ ಆರಿಸಿದೊಡನೆ ಯಂತ್ರ ಎಲ್ಲವನ್ನೂ ಮರೆತು 2009ಕ್ಕೆ ಓಡಿಹೋಗುತ್ತಿತ್ತು. ಮೊದಲ ದಿನ ಸರದಿ ಸರಿ, ಪೆನ್ ಡ್ರೈವ್ ತಪ್ಪು; ಮರುದಿನ ಪೆನ್ ಡ್ರೈವ್ ಸರಿ, ಸರದಿ ತಪ್ಪು.

ಕೈಗಡಿಯಾರ ರಿಪೇರಿಯವನ ಹತ್ತಿರ ಸೆಲ್ ಸಿಕ್ಕಿತು. ವೈರ್ ಕಿತ್ತಿಟ್ಟು, ಹಳೆಯದು ತೆಗೆದು ಹೊಸದನ್ನು ಕೂರಿಸಿದೆವು. ತಾರೀಖು ತಿದ್ದಿ, ಸರದಿ ತಿದ್ದಿ, ಉಳಿಸಿದೆವು. ಕಪ್ಪು ಪರದೆ ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ಮಿಂಟ್‌ನ ಹಸಿರು ಗುರುತು ಮೂಡಿತು. ಪರದೆಯ ಮೇಲೆ 'ಇನ್‌ಸ್ಟಾಲ್' ಎಂಬ ಚಿತ್ರವೂ ಇತ್ತು. ಮೌಸ್ ನನ್ನ ಕೈಯಲ್ಲಿತ್ತು. "ಮುತ್ಯಾ, ಅದನ್ನ ಒತ್ತಬ್ಯಾಡ! ಹೂಂ ಹೂಂ ಅಂತ ಹೋದ್ರ ಡಿಸ್ಕೇ ಅಳಿಸಿ ಹೋಗ್ತದ." ಮೌಸ್ ಅವಳಿಗೇ ಕೊಟ್ಟೆ.

ಫೋಲ್ಡರ್ ತೆರೆದಳು. 14 ಪದಗಳಲ್ಲಿ 11 ಬಂದವು. ಉಳಿದ 3 ಎಷ್ಟು ಸಲ ಪ್ರಯತ್ನಿಸಿದರೂ ಬರಲಿಲ್ಲ. ಡಿಸ್ಕಿನ ಆ ಭಾಗ ಸವೆದಿತ್ತು. ಬಂದವನ್ನು ಇನ್ನೊಂದು ಪೆನ್ ಡ್ರೈವಿಗೆ, ಲ್ಯಾಪ್‌ಟಾಪಿಗೆ, ನನ್ನ ಮೊಬೈಲಿಗೆ ಹಾಕಿದ ಮೇಲೆಯೇ ಹುಡುಗಿ ಮೊದಲನೆಯದನ್ನು ಹಚ್ಚಿದಳು.

ಬೀಸುವ ಕಲ್ಲಿನ ಗರಗರ ಸದ್ದು ಮೊದಲು ಬಂತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಎರಡು ಸಾಲು ಹಾಡಿ ಥಟ್ಟನೆ ನಿಲ್ಲಿಸಿ, "ಏ, ರೆಕಾರ್ಡ್ ಆಗ್ಲಾಕತ್ತದೇನೋ?" ಎಂದು ಕೇಳಿದಳು. ಅಂದು ನಾನು ಏನು ಹೇಳಿದ್ದೆನೋ, ಅದು ಕೇಳಿಸಲಿಲ್ಲ. ಆಕೆಯನ್ನು ಒಮ್ಮೆಯೂ ನೋಡಿರದ ಮೊಮ್ಮಗಳು ಪರದೆಯತ್ತ ಬಾಗಿ ಉತ್ತರಿಸಿದಳು: "ಹೂಂ, ಆಗ್ಲಾಕತ್ತದ. ನೀ ಹಾಡು."